ಹನ್ನೊಂದು ವರ್ಷದ ಕುರ್ಚಿ

ಜಾಹೀರಾತನ್ನು ಬರೆದವಳು ವೈದ್ಯಕೀಯ ವಿಭಾಗದ ಡಾಕ್ಟರ್ ನೀಲಾಂಬಿಕಾ. ‘ಡೋಣಿ ವಿಶ್ವವಿದ್ಯಾಲಯಕ್ಕೆ ಪಾಲಕರು ಬೇಕಾಗಿದ್ದಾರೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ದಿನವೇ ಅವಳ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ವಿಜಯಪುರ ಸೀಮೆಯಲ್ಲಿ ಪಾಲಕರೆಂದರೆ ತಂದೆತಾಯಿ. ಸಿಂದಗಿ ಕಡೆಯ ಒಬ್ಬ ಹಿರಿಯರು ಬಹಳ ಕಕ್ಕುಲಾತಿಯಿಂದ ಕೇಳಿದರು, “ಕೂಸು ಗಂಡೋ ಹೆಣ್ಣೋ ತಂಗಿ? ಎಷ್ಟು ತಿಂಗಳದ್ದು?”

ಎರಡನೆಯ ಸಲ ಅವಳು ಬಿಡಿಸಿ ಬರೆದಳು: ‘ಆಡಳಿತ ಮಂಡಳಿಯ ಪಾಲಕ ಹುದ್ದೆ, ಒಂದು. ಅವಧಿ: ಹನ್ನೊಂದು ವರ್ಷದಂತೆ ಎರಡು ಸಲ. ಕೆಲಸ: ಪ್ರತಿ ಅವಧಿಯ ಕೊನೆಗೆ ನಲವತ್ತು ದಿನ. ಉಳಿದ ಕಾಲವೆಲ್ಲ ನಿದ್ರೆ.’

ಈ ಸಲ ಫೋನು ಬರಲಿಲ್ಲ. ಅರ್ಜಿಗಳು ಬಂದವು, ಇನ್ನೂರಕ್ಕೂ ಹೆಚ್ಚು.

ಆ ನಿದ್ರೆಯೂ ನೀಲಾಂಬಿಕಾಳದೇ ಕೈಗೂಸು. ಎರೆ ಭೂಮಿ ಬೇಸಿಗೆಯಲ್ಲಿ ಮೊಳದುದ್ದ ಬಿರುಕು ಬಿಟ್ಟಾಗ ಆ ಬಿರುಕಿನ ತಳದಲ್ಲಿ ಒಂದು ಜಾತಿಯ ಕಪ್ಪೆ ಉಸಿರನ್ನೇ ಮರೆತಂತೆ ಮಲಗಿರುತ್ತದೆ. ಮಳೆ ಬಿದ್ದ ದಿನ ಏನೂ ಆಗಿಲ್ಲವೆಂಬಂತೆ ಎದ್ದು ಕೂಗುತ್ತದೆ. ಅದರ ಪಿತ್ತಕೋಶದಲ್ಲಿದ್ದ ಒಂದು ರಸವನ್ನು ಬೇರ್ಪಡಿಸಿ, ಮನುಷ್ಯನ ರಕ್ತಕ್ಕೆ ಹೊಂದುವಂತೆ ಮಾಡಲು ಅವಳು ಹದಿನಾಲ್ಕು ವರ್ಷ ತೇದಿದ್ದಳು. ಅದನ್ನು ಕೊಟ್ಟು ಮೈಯನ್ನು ನಿಧಾನವಾಗಿ ತಂಪು ಮಾಡಿದರೆ ಹೃದಯ ಅರ್ಧ ನಿಮಿಷಕ್ಕೊಮ್ಮೆ ಬಡಿಯುತ್ತದೆ. ಹನ್ನೊಂದು ವರ್ಷ ಮಲಗಿ ಎದ್ದವನಿಗೆ ನಾಲ್ಕೈದು ತಿಂಗಳಷ್ಟೇ ವಯಸ್ಸಾಗಿರುತ್ತದೆ. ಅದಕ್ಕಿಂತ ಹೆಚ್ಚು ಮಲಗಿಸಿದರೆ ಮೂತ್ರಪಿಂಡ ತಡೆಯುವುದಿಲ್ಲ. ಪಾಲಕರನ್ನು ಬಿಟ್ಟು ಬೇರೆ ಯಾರಿಗೂ ಈ ನಿದ್ರೆ ಕೊಡುವಂತಿಲ್ಲ ಎಂದು ಸರಕಾರ ಕಾನೂನು ಮಾಡಿತ್ತು.

ಇಂಥ ಪಾಲಕ ಯಾಕೆ ಬೇಕಾಯಿತೆಂದರೆ, ಮಂಡಳಿಯ ಉಳಿದ ಸದಸ್ಯರೆಲ್ಲ ಮೂರು ವರ್ಷಕ್ಕೆ ಬಂದು ಹೋಗುವವರು. ಒಂದು ಮಂಡಳಿ ನೆಟ್ಟದ್ದನ್ನು ಮುಂದಿನದು ಕೀಳುತ್ತಿತ್ತು. ಮೂವತ್ತು ವರ್ಷ ಬೆಳೆಸಿದ್ದ ಬೇವಿನ ತೋಪೊಂದನ್ನು ಹಿಂದಿನ ಮಂಡಳಿಯೊಂದು ಹೆಲಿಕಾಪ್ಟರ್ ಇಳಿಸಲೆಂದು ಒಂದೇ ವಾರದಲ್ಲಿ ಬೋಳಿಸಿತ್ತು. ಯಾರು ಹಾಗೆ ಮಾಡಿದ್ದು ಎಂದು ಆಮೇಲೆ ಕೇಳಿದರೆ ಉತ್ತರ ಹೇಳುವವರು ಯಾರೂ ಉಳಿದಿರಲಿಲ್ಲ. ಇನ್ನು ಉಳಿದಿದ್ದ ದೊಡ್ಡ ಪ್ರಯೋಗ ಒಂದೇ. ಡೋಣಿ ದಂಡೆಯ ಹದಿನಾರು ಎಕರೆ ಸವಳು ಹೊಲ. ಉಪ್ಪು ಹಿಡಿದು ಬಂಜೆಯಾದ ಮಣ್ಣಿನಿಂದ ಗಿಡಗಳ ಬೇರಿನ ಮೂಲಕವೇ ಉಪ್ಪನ್ನು ತೆಗೆಸಿ, ಮತ್ತೆ ಬಿಳಿಜೋಳ ಬೆಳೆಯುವಂತೆ ಮಾಡುವ ಐವತ್ತು ವರ್ಷದ ಪ್ರಯೋಗ. ಇಪ್ಪತ್ತೆಂಟು ವರ್ಷ ಮುಗಿದಿದ್ದವು. ಇನ್ನೂ ಇಪ್ಪತ್ತೆರಡು ಬೇಕಿತ್ತು. ಅಷ್ಟು ಕಾಲ ಇದ್ದು ‘ಯಾಕೆ’ ಎಂದು ಕೇಳುವವನೊಬ್ಬ ಮಂಡಳಿಯಲ್ಲಿ ಬೇಕು ಎನ್ನುವುದು ಕುಲಪತಿ ಯಮನೂರಪ್ಪನವರ ವಿಚಾರ.

ಸಂದರ್ಶನಗಳು ಮೂರು ವಾರ ನಡೆದವು. ನಿವೃತ್ತ ಅಧಿಕಾರಿಯೊಬ್ಬರು ಎದ್ದ ಮೇಲೆ ಕಾರು ಕೊಡುತ್ತೀರಾ ಎಂದು ವಿಚಾರಿಸಿದರು. ಒಬ್ಬ ಜ್ಯೋತಿಷಿ ತನ್ನ ಭವಿಷ್ಯ ನಿಜವಾಯಿತೋ ಇಲ್ಲವೋ ನೋಡಬೇಕಿತ್ತೆಂದ. ಮೂವತ್ತು ದಾಟದ ಒಬ್ಬ ಹೆಣ್ಣುಮಗಳು ತನ್ನ ರೋಗದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ, “ಹನ್ನೊಂದು ವರ್ಷಕ್ಕ ಇದಕ್ಕ ಔಷಧ ಬಂದಿರ್ತೈತಲ್ರೀ ಮೇಡಂ?” ಎಂದಳು. ಕಾಯಿಲೆಯ ಮೈ ಆ ತಂಪನ್ನು ತಾಳುವುದಿಲ್ಲ ಎಂದು ಹೇಳುವಾಗ ನೀಲಾಂಬಿಕಾಳಿಗೆ ಅವಳ ಮುಖ ನೋಡಲಾಗಲಿಲ್ಲ. ಬಂದವರೆಲ್ಲ ಯಾವುದರಿಂದಲೋ ತಪ್ಪಿಸಿಕೊಳ್ಳಲು ಬಂದವರೇ. ಹೊಲದ ಮಾತನ್ನು ಒಬ್ಬರೂ ಎತ್ತಲಿಲ್ಲ.

ಕೊನೆಯ ದಿನದ ಕಟ್ಟಿನಲ್ಲಿ ಅವಳಿಗೆ ಒಂದು ಅರ್ಜಿ ಸಿಕ್ಕಿತು. ಕೈಬರಹ ನೋಡಿದೊಡನೆ ಗುರುತು ಸಿಕ್ಕಿತು. ಸಂಗನಬಸು ಮಸೂತಿ, ವಯಸ್ಸು ನಲವತ್ತೊಂಬತ್ತು, ಸವಳು ಹೊಲದ ಮೇಲ್ವಿಚಾರಕ. ವಿವಾಹಿತ. ಮಕ್ಕಳಿಲ್ಲ.

ಅವಳ ಗಂಡ.

ಆ ಭಾನುವಾರ ಮಧ್ಯಾಹ್ನ ಸಂಗನಬಸು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ. ಅವರ ಮನೆಯಲ್ಲಿ ರೊಟ್ಟಿ ಅವನದು, ಪಲ್ಯ ಅವಳದು. ಮದುವೆಯಾದ ಹೊಸತರಲ್ಲಿ ಅವಳ ರೊಟ್ಟಿ ಹರಿದು ಹರಿದು ಹೋದಾಗ ಆದ ಒಪ್ಪಂದ.

“ಅರ್ಜಿ ಹಾಕೀರಿ,” ಎಂದಳು ನೀಲಾಂಬಿಕಾ.

ಅವನು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದ. “ಹೂಂ.”

“ನಂಗ ಒಂದ್ಮಾತು ಹೇಳಬೇಕು ಅನ್ನಿಸಲಿಲ್ಲೇನ್ರೀ?”

“ಹೇಳಿದ್ರ ನೀ ಬ್ಯಾಡ ಅಂತಿದ್ದಿ. ನೀ ಬ್ಯಾಡ ಅಂದಮ್ಯಾಗ ನಾ ಹಾಕ್ತಿದ್ದಿಲ್ಲ.”

“ಮತ್ತ?”

“ಅದಕ್ಕ ಹೇಳಲಿಲ್ಲ.”

ಬದನೆಕಾಯಿ ತಳ ಹಿಡಿಯುತ್ತಿತ್ತು. ಅವಳು ಸೌಟು ಆಡಿಸಲಿಲ್ಲ. ಅವನೇ ಕೈ ಚಾಚಿ ಒಲೆ ಸಣ್ಣದು ಮಾಡಿದ.

“ನೀಲಾ, ಎರಡು ಮೊಳ ಕೆಳಗಿನ ಉಪ್ಪು ಈಗ ಅಲುಗಾಡಾಕ ಹತ್ತೈತಿ. ಇಪ್ಪತ್ತೆಂಟು ವರ್ಷ ಕಾದೀನಿ ಅದಕ್ಕ. ನಾ ರಿಟೈರ್ ಆದ ಮರುವರ್ಷ ಯಾರರ ಬಂದು ಅಲ್ಲಿ ಕಟ್ಟಡ ಎಬ್ಬಿಸ್ತಾರ. ನಾ ಗೇಟಿನ ಹೊರಗ ನಿಂತು ನೋಡಬೇಕು, ಅಷ್ಟ. ನೀವು ಆರಿಸಾಕ ಹತ್ತಿದವ್ರೊಳಗ ಒಬ್ಬರಿಗರ ಆ ಮಣ್ಣು ಗೊತ್ತೈತೇನು?”

ಗೊತ್ತಿರಲಿಲ್ಲ. ಆ ಮಾತು ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

“ಮಣ್ಣಿನ ಮಾತು ಬಿಡ್ರಿ,” ಎಂದಳು. “ನಂದು?”

ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು.

ಸಂದರ್ಶನದ ದಿನ ಅವಳು ಸಮಿತಿಯಿಂದ ಹೊರಗುಳಿದಳು. ಸಮಿತಿ ಅವನನ್ನೇ ಆರಿಸಿತು. ಆದರೆ ಮೈಪರೀಕ್ಷೆಯ ವರದಿಗೆ ಸಹಿ ಮಾಡುವ ಅಧಿಕಾರವಿದ್ದವಳು ಆಗ ಅವಳೊಬ್ಬಳೇ. ಅವನ ಹೃದಯ ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಹೆಚ್ಚಾಗಿ ಬಡಿಯುತ್ತಿತ್ತು. ಬಹಳ ಮಂದಿಗೆ ಹಾಗಿರುತ್ತದೆ. ಅದರಿಂದ ಏನೂ ಆಗುವುದಿಲ್ಲ. ಆದರೆ ದೋಷವೆಂದು ಬರೆದರೆ ಪ್ರಶ್ನಿಸುವವರೂ ಇರಲಿಲ್ಲ. ಒಂದು ಸಂಜೆ ಅವಳು ‘ಅಯೋಗ್ಯ’ ಎಂದು ಬರೆದೇಬಿಟ್ಟಳು. ಬರೆದು, ಆ ಪದವನ್ನು ನೋಡುತ್ತ ಕೂತಳು. ಈ ಒಂದು ಪದದಿಂದ ಅವನು ಮನೆಯಲ್ಲಿ ಉಳಿಯುತ್ತಾನೆ, ಎದುರಿಗೆ ಕೂತು ಉಣ್ಣುತ್ತಾನೆ, ತನ್ನ ಎದೆಯಲ್ಲಿ ಊನವಿದೆಯೆಂದು ನಂಬಿ ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಾನೆ. ಅದನ್ನು ದಿನಾ ನೋಡಿಕೊಂಡು ತಾನು ಬದುಕಬೇಕು.

ಅವಳು ಅಳಿಸಿದಳು. ಒಂಬತ್ತು ದಿನ ಕಡತವನ್ನು ಮೇಜಿನಲ್ಲೇ ಇಟ್ಟುಕೊಂಡಳು. ಅವನು ಒಂದು ಸಲವೂ ಕೇಳಲಿಲ್ಲ. ಹತ್ತನೆಯ ದಿನ ಬೆಳಗ್ಗೆ ಸಹಿ ಮಾಡಿ, ಕಡತವನ್ನು ತಾನೇ ಕುಲಪತಿಗಳ ಕೋಣೆಗೆ ಒಯ್ದು ಕೊಟ್ಟಳು.

ನಿದ್ರಾಲಯ ಇದ್ದದ್ದು ವೈದ್ಯಕೀಯ ವಿಭಾಗದ ನೆಲಮಾಳಿಗೆಯಲ್ಲಿ. ಗಾಜಿನ ಆಚೆ ಹಾಸಿಗೆ, ಈಚೆ ನಿಯಂತ್ರಣ ಕೊಠಡಿ. ಅವನು ಮಲಗಿದ ಮೇಲೆ ಪರದೆಯ ಮೇಲೆ ಒಂದು ಹಸಿರು ಗೆರೆ ನೆಟ್ಟಗೆ ಹರಿಯುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ ಅದು ಮೇಲೆದ್ದು ಬೀಳುತ್ತಿತ್ತು. ಎರಡು ಬಡಿತಗಳ ನಡುವಿನ ಆ ಮೂವತ್ತು ಸೆಕೆಂಡು ನೀಲಾಂಬಿಕಾಳಿಗೆ ಮೊದಲ ತಿಂಗಳಲ್ಲಿ ದಾಟಲಾರದ ಹೊಳೆಯಾಗಿತ್ತು. ಗೆರೆ ಎದ್ದಾಗ ಉಸಿರು ಬಿಡುವಳು, ಮತ್ತೆ ಹಿಡಿಯುವಳು. ಅವಳ ಕೈಕೆಳಗೆ ಹೊಸದಾಗಿ ಸೇರಿದ್ದ ಡಾಕ್ಟರ್ ಶಬಾನಾ ಇನಾಮದಾರ ಒಂದು ದಿನ ಮೆಲ್ಲಗೆ, “ಮೇಡಂ, ಮಶೀನ್ ನೋಡ್ಕೋತೈತ್ರಿ. ನೀವು ಊಟಾ ಮಾಡ್ರಿ,” ಎಂದು ಡಬ್ಬಿ ಬಿಚ್ಚಿಟ್ಟಳು.

ಊರಿಗೆ ಬೇರೊಂದೇ ಪೇಚಾಟ. ಶ್ರಾವಣದಲ್ಲಿ ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯುವಾಗ ಅವಳ ಬಾಗಿಲಲ್ಲಿ ತಡೆದು ನಿಂತರು. ಗಂಡ ಇದ್ದಾನೆ ಅನ್ನಬೇಕೋ, ಇಲ್ಲ ಅನ್ನಬೇಕೋ? ಎದುರು ಮನೆಯ ಗೌರವ್ವಜ್ಜಿ ಅದನ್ನು ನಿಂತಲ್ಲೇ ಇತ್ಯರ್ಥ ಮಾಡಿದಳು. “ಅವನ ಎದಿ ಬಡಕೋತೈತಿಲ್ಲೋ?”

“ಬಡಕೋತೈತಿ, ಆಯಿ.”

“ಹಂಗಾರ ನೀ ಮುತ್ತೈದಿ. ಬಾ, ಕುಂಡ್ರು.”

ಕೂತಳು. ಗೌರವ್ವಜ್ಜಿ ಹಣೆಗೆ ಕುಂಕುಮ ಇಡುವಾಗ, ಇವನ್ನೆಲ್ಲ ಎಂದೂ ಅಷ್ಟಾಗಿ ಲೆಕ್ಕಕ್ಕಿಡದ ನೀಲಾಂಬಿಕಾ ತಾನಾಗಿ ಹಣೆಯನ್ನು ಮುಂದೆ ಚಾಚಿದಳು.

ವರ್ಷಗಳು ಹೋದವು. ಅವಳ ತಾಯಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದು ಮನೆಯ ಬಾಗಿಲು ತೆಗೆದಾಗ, ನಡೆದದ್ದನ್ನು ಹೇಳಲು ಬಾಯಿ ತೆರೆದು, ಖಾಲಿ ಪಡಸಾಲೆಯಲ್ಲಿ ಹಾಗೇ ನಿಂತುಕೊಂಡಳು. ಕನ್ನಡಕ ಬಂತು. ಎಡ ಮೊಣಕಾಲು ಹಿಡಿಯಿತು. ಅಂಗಡಿಯಲ್ಲಿ ಅವನಿಗೆ ಒಪ್ಪುವ ಬಣ್ಣದ ಅಂಗಿ ಕಂಡರೆ ಕೈ ತಾನಾಗಿ ಮುಟ್ಟುತ್ತಿತ್ತು. ಭಾನುವಾರಗಳು ಸವೆಯುತ್ತಿರಲಿಲ್ಲ. ಹಾಗಾಗಿ ಅವಳು ಸವಳು ಹೊಲಕ್ಕೆ ಹೋಗತೊಡಗಿದಳು. ಮೊದಮೊದಲು ಸುಮ್ಮನೆ ಬದುವಿನ ಮೇಲೆ ಕೂತು ಬರುತ್ತಿದ್ದಳು. ಆಮೇಲೆ ಮಣ್ಣಿನ ಮಾದರಿ ತೆಗೆಯುವುದನ್ನು ಕಲಿತಳು. ಮೊಳದ ಆಳದ್ದು, ಎರಡು ಮೊಳದ್ದು, ಮೂರು ಮೊಳದ್ದು. ಅವನು ಮಾಡುತ್ತಿದ್ದಂತೆ ಚಿಟಿಕೆ ಮಣ್ಣನ್ನು ನಾಲಗೆಯ ತುದಿಗಿಟ್ಟು ನೋಡುವುದನ್ನೂ ಕಲಿತಳು. ಏಳನೆಯ ವರ್ಷ ಮೇಲಿನ ಪದರದ ಮಣ್ಣು ಬರೀ ಮಣ್ಣಿನಂತೆ ರುಚಿಸಿದಾಗ ಅವಳು ಹೊಲದ ನಡುವೆ ಕೂತು ಅತ್ತಳು. ಆ ಸುದ್ದಿ ಕೇಳಬೇಕಾದವನು ಒಂದು ಮೈಲಿ ದೂರದಲ್ಲಿದ್ದ. ಅವನಿಗೆ ಹೇಳಲು ಇನ್ನೂ ನಾಲ್ಕು ವರ್ಷವಿತ್ತು.

ಎಬ್ಬಿಸುವ ಕೆಲಸಕ್ಕೆ ಆರು ದಿನ ಹಿಡಿಯುತ್ತದೆ. ಕಣ್ಣು ಎಲ್ಲಕ್ಕಿಂತ ಕೊನೆಗೆ ತಿಳಿಯಾಗುತ್ತದೆ. ಸಂಗನಬಸು ಮೊದಲು ಅವಳ ದನಿಯನ್ನು ಗುರುತಿಸಿದ, ಕೈಯನ್ನು ಗುರುತಿಸಿದ. ಏಳನೆಯ ದಿನ ಬೆಳಗ್ಗೆ ಅವಳ ಮುಖವನ್ನು ಬಹಳ ಹೊತ್ತು ನೋಡಿ, “ನೀಲಾ, ನೀ ನಿಮ್ಮವ್ವನಂಗ ಕಾಣ್ತಿ,” ಎಂದ. ಅವಳು ನಕ್ಕಳು. ಆಮೇಲೆ ನಲ್ಲಿ ಬಿಟ್ಟುಕೊಂಡು, ಹೊರಗೆ ಕೇಳದಂತೆ ಅತ್ತಳು.

ಅವನ ತಪ್ಪೇನೂ ಇರಲಿಲ್ಲ. ಅವನಿಗೆ ಒಂದು ಮಧ್ಯಾಹ್ನದ ನಿದ್ದೆ ಮುಗಿದಿತ್ತು, ಅಷ್ಟೆ. “ನಿನ್ನೆ ಗೌರವ್ವಾಯಿ ಕೊಟ್ಟ ಶೇಂಗಾ ಉಂಡಿ ತೀರಿದವೇನು?” ಎಂದು ಕೇಳಿದ. ಗೌರವ್ವಜ್ಜಿ ಹೋಗಿ ಐದು ವರ್ಷವಾಗಿತ್ತು. ಅವಳು ನಾಲ್ಕು ಸಾವಿರ ದಿನಗಳನ್ನು ಒಂದೊಂದಾಗಿ ದಾಟಿ ಅವನ ಬಳಿಗೆ ಬಂದಿದ್ದಳು. ಅವನು ಇದ್ದಲ್ಲೇ ಇದ್ದ. ಮನೆಗೆ ಬಂದ ಮೇಲೆ ಮೊದಲ ರೊಟ್ಟಿ ತಟ್ಟೆಗೆ ಹಾಕುತ್ತ ಅವನು ಎಂದಿನಂತೆ ಅವಳ ಹೆಗಲು ಒತ್ತಿದಾಗ, ಹೊಸ ಮನುಷ್ಯನೊಬ್ಬ ಮುಟ್ಟಿದಂತೆ ಅವಳ ಮೈ ಸರ್ರನೆ ಹಿಂದೆ ಸರಿಯಿತು. ಇಬ್ಬರೂ ಅದನ್ನು ಗಮನಿಸಿದರು.

ಹದಿನೈದನೆಯ ದಿನ ಮಂಡಳಿಯ ಸಭೆ. ಯಮನೂರಪ್ಪನವರ ಕಾಲ ಎಂದೋ ಮುಗಿದಿತ್ತು. ಈಗಿನ ಕುಲಪತಿ ಕಟಗೇರಿಯವರು ಸವಳು ಹೊಲದ ಜಾಗದಲ್ಲಿ ಸಮ್ಮೇಳನ ಭವನ ಕಟ್ಟುವ ನಕ್ಷೆಯನ್ನು ಗೋಡೆಯ ಮೇಲೆ ಮೂಡಿಸಿ ವಿವರಿಸಿದರು. ಹನ್ನೆರಡು ಮಂದಿ ಸದಸ್ಯರು ತಲೆಯಾಡಿಸಿದರು. ನಿದ್ರಾಲಯದ ಮುಖ್ಯಸ್ಥೆಯಾಗಿ ನೀಲಾಂಬಿಕಾ ಗೋಡೆಯ ಬದಿಯಲ್ಲಿ ಕೂತಿದ್ದಳು. ಸಂಗನಬಸು ಎದ್ದು ನಿಂತ. ಮೇಜಿನ ಅಂಚನ್ನು ಹಿಡಿದುಕೊಂಡಿದ್ದ.

“ಕಟ್ರಿ. ನಾ ಬ್ಯಾಡ ಅನ್ನೂದಿಲ್ಲ,” ಎಂದ. “ಹನ್ನೊಂದು ವರ್ಷದ ಮ್ಯಾಲ ನಾ ಎದ್ದು ಬರ್ತೀನಿ. ಇಲ್ಲೆ ನಿಂತು, ಆ ಹೊಲ ಯಾಕ ಹೋತು ಅಂತ ಕೇಳ್ತೀನಿ. ನಂಗ ಉತ್ತರ ಕೊಡಾವ್ರು ಯಾರು? ಈಗ ಅವ್ರ ಹೆಸರು ಬರಸ್ರಿ.”

ಕಟಗೇರಿಯವರು ಎಡಕ್ಕೆ ನೋಡಿದರು. ಎಡಕ್ಕಿದ್ದವರು ತಮ್ಮ ಎಡಕ್ಕೆ ನೋಡಿದರು. ಮೇಜಿನ ಸುತ್ತ ಒಂದು ಸುತ್ತು ಬಂದರೂ ಹೆಸರು ಹುಟ್ಟಲಿಲ್ಲ. ನಕ್ಷೆಯನ್ನು ಮುಂದಿನ ಸಭೆಗೆ ಎತ್ತಿಡಲಾಯಿತು. ಈ ಪಾಲಕ ಇರುವತನಕ ಅದು ಮತ್ತೆ ಇಳಿಯುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನೀಲಾಂಬಿಕಾಳಿಗೆ ಹೆಮ್ಮೆಯಾಯಿತು. ಅದರ ಹಿಂದೆಯೇ, ಇವನು ಈಗಷ್ಟೇ ತನ್ನನ್ನು ತಾನೇ ಮತ್ತೆ ಹನ್ನೊಂದು ವರ್ಷಕ್ಕೆ ಕಟ್ಟಿಹಾಕಿಕೊಂಡ ಎಂಬುದೂ ಹೊಳೆಯಿತು.

ಮರುದಿನ ಹೊಲದ ಬದುವಿನ ಮೇಲೆ ಇಬ್ಬರೂ ಕೂತಿದ್ದರು. ಅವಳ ಕೈಬರಹದಲ್ಲಿದ್ದ ಹನ್ನೊಂದು ವರ್ಷದ ಮಣ್ಣಿನ ಪಟ್ಟಿಗಳನ್ನು ಅವನು ಒಂದೊಂದಾಗಿ ಓದುತ್ತಿದ್ದ. ಓದುತ್ತ ಓದುತ್ತ ಅವನ ಮುಖ ಬದಲಾಯಿತು.

“ಪ್ರತಿ ವಾರ?” ಎಂದ.

“ಭಾನುವಾರ ಮನ್ಯಾಗ ಕುಂಡ್ರಾಕ ಆಗ್ತಿದ್ದಿಲ್ರಿ.”

ಅವನು ಕಾಗದಗಳನ್ನು ಮಡಿಸಿಟ್ಟ. “ನಾ ಹೋಗೂದಿಲ್ಲ, ನೀಲಾ. ರಾಜೀನಾಮೆ ಕೊಡ್ತೀನಿ. ಇನ್ನೊಮ್ಮೆ ಎದ್ದು ಬಂದ್ರ ನಿಂಗ ಅರವತ್ತೆಂಟು, ನಂಗ ಐವತ್ತೂ ಇರೂದಿಲ್ಲ. ಇರ್ತೀಯೋ ಇಲ್ಲೋ ಅನ್ನೂದೂ ನಂಗ ಗೊತ್ತಿಲ್ಲ.”

ಈ ಮಾತಿಗಾಗಿ ಅವಳು ಹನ್ನೊಂದು ವರ್ಷ ಹಂಬಲಿಸಿದ್ದಳು. ಕೇಳಿದಾಗ ಮಾತ್ರ, ಕಾಲ ಕೆಳಗಿನ ಮಣ್ಣಿನಲ್ಲಿ ಮೊಣಕಾಲುದ್ದ ನಿಂತ ಜೋಳದ ಸಸಿಗಳ ಮೇಲೆ ಕಣ್ಣು ಹೋಯಿತು. ಕುರ್ಚಿ ಖಾಲಿಯಾದ ದಿನ ಆ ನಕ್ಷೆ ಮತ್ತೆ ಗೋಡೆಗೆ ಬರುತ್ತದೆ.

ರಾಜೀನಾಮೆಗೆ ಮುನ್ನ ಬದಲಿ ಪಾಲಕನನ್ನು ಹುಡುಕಬೇಕೆಂಬುದು ನಿಯಮ. ಹೊಸ ಜಾಹೀರಾತು ಹೊರಟಿತು. ಮೂವತ್ತೊಂದು ಅರ್ಜಿ ಬಂದವು. ನೀಲಾಂಬಿಕಾ ಒಂದೊಂದನ್ನೂ ಎರಡೆರಡು ಸಲ ಓದಿದಳು. ಹೆಂಡತಿಯನ್ನು ಬಿಟ್ಟು ಓಡಬೇಕಾದವರು, ಮುಂದಿನ ಕಾಲ ಚಂದವಿರುತ್ತದೆಂದು ಅಲ್ಲಿಗೆ ವಲಸೆ ಹೊರಟವರು. ಕೊನೆಯ ದಿನ ಅವಳು ನಿದ್ರಾಲಯದ ಕೆಲಸವನ್ನು ಶಬಾನಾಳಿಗೆ ಒಪ್ಪಿಸಿ, ಮೂವತ್ತೆರಡನೆಯ ಅರ್ಜಿಯನ್ನು ತಾನೇ ಬರೆದಳು. ಆದರೆ ಕೊಡುವ ಮೊದಲು ಮನೆಗೆ ತಂದು ಅವನ ಮುಂದಿಟ್ಟಳು.

ಸಂಗನಬಸು ಓದಿದ. ಕನಿಷ್ಠ ಮೂರು ಸಲ ಓದಿದ.

“ನಾ ಮಲಗಿ ಎದ್ದಾಗ ನಂಗ ಐವತ್ತೇಳ ಇರ್ತಾವ್ರಿ,” ಎಂದಳು ಅವಳು. “ನಿಮಗ ಅರವತ್ತಾಗಿರ್ತೈತಿ. ಮದುವ್ಯಾದಾಗ ಹೆಂಗಿದ್ವಿ ಹಂಗ. ಮೂರು ವರ್ಷ ನೀವ ದೊಡ್ಡವ್ರು. ಹೊಲದ ಐವತ್ತು ವರ್ಷನೂ ಮುಗಿದಿರ್ತೈತಿ. ಆ ಜೋಳ ಇಬ್ರೂ ಕೂಡಿ ನೋಡಬೌದು.”

“ಇಬ್ರೂ ಇಲ್ಲೆ ಇದ್ದು ನೋಡಬೌದಲ್ಲ?”

“ಹೊಲ ಇರೂದಿಲ್ರಿ. ಮತ್ತ ನಾನೂ ನಿಮಗ ದಿನಾ ನಮ್ಮವ್ವನಂಗ ಕಾಣ್ತೀನಿ.”

“ಅದನ್ನ ಮನಸಿಗೆ ಹಚ್ಕೊಂಡಿಯೇನು?”

“ಹಚ್ಕೊಂಡೀನಿ.”

ಅವನು ಕಿಟಕಿಯ ಕಡೆ ತಿರುಗಿದ. “ಹನ್ನೊಂದು ವರ್ಷ ಈ ಮನ್ಯಾಗ ನಾ ಒಬ್ನ ಹೆಂಗ ಇರ್ಲಿ, ನೀಲಾ?” ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅವನು ಮುಖ ಮುಚ್ಚಿಕೊಂಡು ಕೂತುಬಿಟ್ಟ. ನೀಲಾಂಬಿಕಾ ಹತ್ತಿರ ಹೋಗಿ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅವನು ಎದ್ದಂದಿನಿಂದ ಮೊದಲ ಸಲ ಅವಳ ಮೈ ಹಿಂದೆ ಸರಿಯಲಿಲ್ಲ.

ಸಂದರ್ಶನದಲ್ಲಿ ಕಟಗೇರಿಯವರು ನೇರವಾಗಿಯೇ ಕೇಳಿದರು. “ಡಾಕ್ಟರ್ ನೀಲಾಂಬಿಕಾ, ತಪ್ಪು ತಿಳೀಬ್ಯಾಡ್ರಿ. ಇದು ಗಂಡನ ಮ್ಯಾಲಿನ ಸಿಟ್ಟಿನಿಂದ ಮಾಡಿದ್ದಲ್ಲ ತಾನೆ?”

“ಅದೂ ಒಂದೀಟು ಐತ್ರಿ ಸರ್,” ಎಂದಳು. ಸಮಿತಿಯ ಒಬ್ಬರು ನಕ್ಕರು. “ಆದ್ರ ಎರಡು ಸಲ ಈ ಹುದ್ದೇಕ ಮಂದೀನ್ನ ಹುಡುಕಿದಾಕಿ ನಾನು. ನಂಗ ಒಂದು ತಿಳಿದೈತಿ. ಬಿಟ್ಟು ಹೋಗಾಕ ಏನೂ ಇಲ್ಲದವ್ರನ್ನ ಆರಿಸಬ್ಯಾಡ್ರಿ. ಎದ್ದಮ್ಯಾಗ ಅವ್ರಿಗೆ ಏನಾಗಿದ್ರೂ ನಡೀತೈತಿ. ಇಲ್ಲೆ ಜೀವ ಇಟ್ಟು ಹೋದವ್ರು ಎದ್ದು ಬಂದು ಕೇಳ್ತಾರ, ‘ನಂದು ಎಲ್ಲಿ?’ ಅಂತ. ನಿಮಗ ಬೇಕಾದವ್ರು ಅಂಥವ್ರು.”

ಕಟಗೇರಿಯವರಿಗೆ ಇಂಥವಳು ಬೇಕಾಗಿರಲಿಲ್ಲ. ಆದರೆ ಸಮಿತಿಯ ಐವರಲ್ಲಿ ನಾಲ್ವರು ಕೈ ಎತ್ತಿದರು. ಶಬಾನಾ ಅವಳ ಮೈಪರೀಕ್ಷೆ ಮಾಡಿ, ಮೂರು ದಿನ ತಡೆದು, ಕೆಂಪಾದ ಕಣ್ಣಿನಲ್ಲಿ ಸಹಿ ಹಾಕಿದಳು.

ಉಳಿದದ್ದು ಹನ್ನೆರಡು ದಿನ. ಅವರು ಎಲ್ಲಿಗೂ ಹೋಗಲಿಲ್ಲ. ಅವಳು ಅವನಿಗೆ ಪಲ್ಯ ಕಲಿಸಿದಳು. ನೀರಿನ ಮೋಟಾರು ಕೆಟ್ಟರೆ ಯಾರನ್ನು ಕರೆಯಬೇಕು, ಹೊಸ ಬಸ್ಸುಗಳು ಎಲ್ಲಿ ನಿಲ್ಲುತ್ತವೆ, ಓಣಿಯಲ್ಲಿ ಈಗ ಯಾರಿದ್ದಾರೆ, ಯಾರಿಲ್ಲ ಎಂದು ತಿಳಿಸಿದಳು. ತಾಯಿಯ ಕೊನೆಯ ದಿನಗಳನ್ನು ಹೇಳಿದಳು. ಏಳನೆಯ ವರ್ಷದ ಮಣ್ಣಿನ ರುಚಿ ಹೇಳಿದಳು. ಅವನು ಒಂದೂ ಪ್ರಶ್ನೆ ಕೇಳದೆ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಕೊನೆಗೆ ಅವನ ಬಾಯಲ್ಲಿ ‘ನಿನ್ನೆ’ ಎನ್ನುವುದು ನಿಜವಾದ ನಿನ್ನೆಯೇ ಆಗಿತ್ತು.

ಮಲಗಬೇಕಾದ ದಿನ ಬೆಳಗ್ಗೆ ಹತ್ತು ಗಂಟೆಗೆ ಅವಳು ಹಾಸಿಗೆಯ ಮೇಲೆ ಮಲಗಿದಳು. ಶಬಾನಾ ಸೂಜಿ ಚುಚ್ಚಿ ಗಾಜಿನ ಆಚೆ ಹೋದಳು. ರಸ ಹತ್ತುವವರೆಗೆ ಸಂಗನಬಸು ಪಕ್ಕದಲ್ಲಿ ಕೂರಬಹುದಿತ್ತು.

“ಮೊದಲ್ನೇ ವರ್ಷ ಭಾಳ ಉದ್ದ ಇರ್ತೈತ್ರಿ,” ಎಂದಳು ನೀಲಾಂಬಿಕಾ.

“ಆಮ್ಯಾಗ?”

“ಆಮ್ಯಾಗ ರೂಢಿ ಆಗ್ತೈತಿ ಅಂತಾರ ಮಂದಿ.”

“ಆಗ್ತೈತೇನು?”

ಸುಳ್ಳು ಹೇಳೋಣವೆಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. “ಇಲ್ಲ,” ಎಂದಳು.

ಅವನು ತಲೆಯಾಡಿಸಿದ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಾದದಿಂದ ತಂಪು ಏರಿಬರುತ್ತಿತ್ತು. ಮೊಣಕಾಲಿನ ನೋವು ಹೋಯಿತು, ನಾಲಗೆ ದಪ್ಪಗಾಯಿತು. ಅವನು ಏನೋ ಹೇಳುತ್ತಿದ್ದ. ಮಾತು ಅವಳಿಗೆ ಮುಟ್ಟಲಿಲ್ಲ. ಅವನ ಮುಖದ ಮೇಲೆ, ಅವನ ದಟ್ಟ ಕಪ್ಪು ಕೂದಲಿನ ಮೇಲೆ ಅವಳು ಕಣ್ಣು ನೆಟ್ಟಳು. ಇನ್ನೊಂದು ರೆಪ್ಪೆ ಬಡಿದರೆ ಅದು ಬೆಳ್ಳಗಾಗಿರುತ್ತದೆ. ಆದಷ್ಟು ಹೊತ್ತು ಅವಳು ಕಣ್ಣು ಮುಚ್ಚದೆ ತಡೆದಳು.